ಗ್ಯಾರೇಜ್ ಅಂಚೆ: ಡ್ಯಾಶ್‌ಬೋರ್ಡಿನ ಹಿಂದೆ 37 ವೈರು

ಪ್ರಶ್ನೆ (ಜಮಖಂಡಿಯಿಂದ): ಮಿಸ್ತ್ರಿ ಕಾಕಾ, ನಮಸ್ಕಾರ. ನಮ್ಮ ಅಪ್ಪಾರ 1972ರ ಅಂಬಾಸಿಡರ್ ಮಾರ್ಕ್ 2 ಹನ್ನೊಂದು ವರ್ಷ ತೋಟದ ಪತ್ರಾಸ್ ಶೆಡ್ಡಿನಲ್ಲಿ ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಮೊದಲಿನಂತೆ ಮಾಡಲೇಬೇಕೆಂದು ಹಟ ಹಿಡಿದು ಬಾಡಿ ಕೆಲಸ, ಪೇಂಟ್ ಮುಗಿಸಿದ್ದೇನೆ. ಪೇಂಟಿಗೆ ಕೊಡುವ ಮುಂಚೆ ಡ್ಯಾಶ್‌ಬೋರ್ಡ್ ಬಿಚ್ಚುವಾಗ ಒಂದೊಂದು ವೈರಿಗೂ ಟೇಪ್ ಸುತ್ತಿ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದಿದ್ದೆ. ತಿನ್ನರ್ ಬಿದ್ದು ಅರ್ಧ ಹೆಸರು ಅಳಿಸಿವೆ, ಉಳಿದ ಟೇಪು ಉದುರಿವೆ. ಈಗ 37 ವೈರು ಜೋತುಬಿದ್ದಿವೆ. ಬಣ್ಣ ನೋಡಿ ಜೋಡಿಸಬಹುದೇ? ಊರಿನ ಎಲೆಕ್ಟ್ರಿಶಿಯನ್ ಒಬ್ಬರು, "ಎಲ್ಲಾ ಕತ್ತರಿಸಿ ಒಗೀರಿ, ಹೊಸಾ ವೈರಿಂಗ್ ಎಳದ ಕೊಡತೇನಿ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ತಮ್ಮಾ, ಮೊದಲು ಪಕ್ಕಡ ಕೆಳಗಿಡಿ. ಒಂದು ವೈರನ್ನೂ ಕತ್ತರಿಸಬೇಡಿ. ನಿಮ್ಮ ಪತ್ರದ ಜೊತೆಗಿನ ಫೋಟೋ ನೋಡಿದೆ. ಗಾಬರಿಯಾಗುವಂಥದ್ದು ಅದರಲ್ಲಿ ಏನೂ ಇಲ್ಲ. ನಾಲ್ಕು ಭಾನುವಾರ ಸಮಾಧಾನದಿಂದ ಕೂತರೆ 37ಕ್ಕೂ ಹೆಸರು ಸಿಗುತ್ತದೆ.

ಬಣ್ಣ ನೋಡಿ ಜೋಡಿಸಬಹುದೇ ಅಂತ ಕೇಳಿದಿರಿ. ಬಣ್ಣ ನೋಡಿಯೇ ಜೋಡಿಸಿ ನಾನು ಒಂದು ಗಾಡಿ ಸುಟ್ಟವನು. 1983ರಲ್ಲಿ ಬೆಳಗಾವಿಯಲ್ಲಿ ಉಸ್ತಾದರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಒಂದು ಅಂಬಾಸಿಡರಿನ ಡ್ಯಾಶ್‌ಬೋರ್ಡ್ ಬಿಚ್ಚಿ ಮತ್ತೆ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ದಪ್ಪನೆಯ ಕಪ್ಪು ವೈರೊಂದು ಸಿಕ್ಕಿತು. ಕಪ್ಪು ಅಂದರೆ ಅರ್ಥಿಂಗ್ (ಕರೆಂಟ್ ಗಾಡಿಯ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಎಂದು ಅದನ್ನು ಬಾಡಿಗೆ ಬೋಲ್ಟ್ ಹಾಕಿ ಬಿಗಿದೆ. ಅದು ಕಪ್ಪು ಆಗಿರಲಿಲ್ಲ. ಇಪ್ಪತ್ತು ವರ್ಷ ಎಣ್ಣೆ, ಧೂಳು ಕುಡಿದು ಕಪ್ಪಾಗಿದ್ದ ಕಂದು ವೈರು, ಬ್ಯಾಟರಿಯಿಂದ ನೇರ ಬರುವಂಥದ್ದು, ನಡುವೆ ಫ್ಯೂಸೂ ಇಲ್ಲ. ಬ್ಯಾಟರಿ ಟರ್ಮಿನಲ್ ಮುಟ್ಟಿಸಿದ ಕೂಡಲೇ ಸ್ಟೇರಿಂಗ್ ಕೆಳಗಿಂದ ಹೊಗೆ ಎದ್ದಿತು. ಟರ್ಮಿನಲ್ ಕಿತ್ತು ಎಳೆಯುವಷ್ಟರಲ್ಲಿ ಅದರ ಜೊತೆಗೆ ಕಟ್ಟಿದ್ದ ಒಂಬತ್ತು ವೈರು ಕರಗಿ ಒಂದಕ್ಕೊಂದು ಅಂಟಿದ್ದವು. ಉಸ್ತಾದರು ಬೈಯಲಿಲ್ಲ. "ಆ ಕಡೀ ತುದಿ ಎಲ್ಲಿಗೆ ಹೋಗೇತಿ ನೋಡಿದ್ದೇನ?" ಅಂತ ಒಂದೇ ಮಾತು ಕೇಳಿದರು. ನಾನು ನೋಡಿರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಎರಡೂ ತುದಿ ಸಿಗದ ವೈರಿಗೆ ನಾನು ಹೆಸರಿಟ್ಟಿಲ್ಲ.

ಆದರೂ ಬಣ್ಣ ಗೊತ್ತಿರಬೇಕು. ಎಲ್ಲಿಂದ ಹುಡುಕಲು ಶುರು ಮಾಡಬೇಕೆಂದು ಅದು ತೋರಿಸುತ್ತದೆ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ ಬಂದ ಗಾಡಿ. ಹೀಗಾಗಿ ಅದರ ವೈರಿಂಗನ್ನು ಬ್ರಿಟಿಷ್ ಗಾಡಿಗಳಿಗೆ ಕರೆಂಟಿನ ಸಾಮಾನು ಮಾಡುತ್ತಿದ್ದ ಲೂಕಾಸ್ ಕಂಪನಿಯ ಬಣ್ಣಗಳ ಲೆಕ್ಕದಲ್ಲಿ ಓದಲು ಶುರು ಮಾಡಬೇಕು. ಲೆಕ್ಕ ಸರಳ. ಬ್ಯಾಟರಿಯಿಂದ ನೇರ ಬರುವುದು ಕಂದು, ಅದರಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವುದು ಬಿಳಿ. ಕಂದು ಫ್ಯೂಸ್ ದಾಟಿದರೆ ನೇರಳೆ, ಬಿಳಿ ಫ್ಯೂಸ್ ದಾಟಿದರೆ ಹಸಿರು. ಅಂದರೆ ಹಾರ್ನ್, ಒಳಗಿನ ದೀಪದಂಥ ಕೀಲಿ ಬೇಡದ ಸಾಮಾನುಗಳಿಗೆ ನೇರಳೆ. ವೈಪರ್, ಮೀಟರ್, ಬ್ರೇಕ್ ಲೈಟ್, ಇಂಡಿಕೇಟರಿನಂಥ ಕೀಲಿ ಬೇಕಾದವಕ್ಕೆ ಹಸಿರು. ಪಾರ್ಕಿಂಗ್ ದೀಪ, ಹಿಂದಿನ ದೀಪಕ್ಕೆ ಕೆಂಪು. ಹೆಡ್‌ಲೈಟಿಗೆ ನೀಲಿ. ಕಪ್ಪು ಅರ್ಥಿಂಗ್. ಎರಡು ಫ್ಯೂಸಿನ ಹಳೇ ಲೂಕಾಸ್ ಪೆಟ್ಟಿಗೆ ಇದ್ದರೆ ಅದರ ಮೇಲೆ ಎ1, ಎ2, ಎ3, ಎ4 ಎಂದು ಕೊರೆದಿರುತ್ತದೆ. ಎ1 ಕಡೆ ಕಂದು ಬಂದು ಎ2 ಕಡೆ ನೇರಳೆ ಹೊರಡುತ್ತದೆ, ಎ3 ಕಡೆ ಬಿಳಿ ಬಂದು ಎ4 ಕಡೆ ಹಸಿರು ಹೊರಡುತ್ತದೆ. ಈ ಪೆಟ್ಟಿಗೆ ಸಿಕ್ಕರೆ ಹುಡುಕಾಟಕ್ಕೆ ಒಂದು ಗಟ್ಟಿ ನೆಲೆ ಸಿಕ್ಕಂತೆ.

ಇನ್ನು ಮೈಮೇಲಿನ ಸಣ್ಣ ಗೆರೆ. ನಿಮ್ಮ ಜಿಲ್ಲೆಯ ಇಳಕಲ್ ಸೀರೆ ನೆನಪು ಮಾಡಿಕೊಳ್ಳಿ. ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ವೈರಿನ ಒಡಲು ಅದು ಯಾವ ಮನೆತನದ್ದು ಎಂದು ಹೇಳುತ್ತದೆ, ಗೆರೆ ಆ ಮನೆಯ ಯಾವ ಮಗ ಎಂದು ಹೇಳುತ್ತದೆ. ಹಸಿರು ಒಡಲಿಗೆ ಕೆಂಪು ಗೆರೆ ಎಡಗಡೆ ಇಂಡಿಕೇಟರ್, ಬಿಳಿ ಗೆರೆ ಬಲಗಡೆಯದು. ಹಸಿರಿಗೆ ನೇರಳೆ ಗೆರೆ ಬ್ರೇಕ್ ಲೈಟಿಗೆ, ಕಪ್ಪು ಗೆರೆ ಪೆಟ್ರೋಲ್ ಟ್ಯಾಂಕಿಗೆ. ನಿಮ್ಮ ಗಾಡಿಯಲ್ಲಿ ಡಿಪ್ಪರ್ ಎಡಗಾಲಿನ ಹತ್ತಿರ ನೆಲದ ಮೇಲಿದೆಯಲ್ಲ, ಅಲ್ಲಿಗೆ ಬರೀ ನೀಲಿ ಹೋಗಿ, ನೀಲಿ-ಬಿಳಿ ಮತ್ತು ನೀಲಿ-ಕೆಂಪು ಎಂದು ಎರಡಾಗಿ ಹೊರಬರುತ್ತದೆ. ನೀಲಿ-ಬಿಳಿ ಮೇಲಿನ ಬೆಳಕು, ನೀಲಿ-ಕೆಂಪು ಕೆಳಗಿನದು. ಕೆಂಪಿಗೆ ಬಿಳಿ ಗೆರೆ ಇದ್ದರೆ ಮೀಟರಿನ ಒಳಗಿನ ಸಣ್ಣ ಬಲ್ಬು. ಬಿಳಿಗೆ ಕಂದು ಗೆರೆ ಇದ್ದರೆ ಆಯಿಲ್ ಪ್ರೆಶರ್ ದೀಪ.

ಐವತ್ತು ವರ್ಷದ ಗಾಡಿಯಲ್ಲಿ ಈ ಬಣ್ಣಗಳು ಹೀಗೆಯೇ ಕಾಣುವುದಿಲ್ಲ. ಬಿಳಿ ವೈರು ಬಿಸಿಗೆ ಹಳದಿಯಾಗಿ, ಆಮೇಲೆ ಕಂದಿಗೆ ತಿರುಗುತ್ತದೆ. ಅದಕ್ಕೇ ನನಗೆ ಬಿಳಿ, ಹಳದಿ, ಕಂದು ಮೂರರ ಮೇಲೆ ಸದಾ ಅನುಮಾನ. ನೇರಳೆ ಮಾಸಿದರೆ ಮಣ್ಣು ಬಣ್ಣ. ಗೆರೆಯಂತೂ ಎಷ್ಟೋ ಕಡೆ ಪೂರ್ತಿ ಹೋಗಿರುತ್ತದೆ. ಅಂಥ ವೈರಿನ ತುದಿ ನೋಡಬೇಡಿ. ಬಾನೆಟ್ಟಿನಿಂದ ಒಳಗೆ ಬರುವ ಕಡೆ ರಬ್ಬರ್ ಬುಶ್ ಇರುತ್ತದಲ್ಲ, ಅದನ್ನು ಮೆಲ್ಲಗೆ ಸರಿಸಿ. ಇಲ್ಲವೇ ಹಾರ್ನೆಸ್ಸಿನ (ಒಟ್ಟಿಗೆ ಸುತ್ತಿದ ವೈರುಗಳ ಕಟ್ಟಿನ) ಟೇಪನ್ನು ಎರಡು ಇಂಚು ಬಿಚ್ಚಿ. ಬಿಸಿಲು, ಎಣ್ಣೆ ತಾಗದ ಆ ಜಾಗದಲ್ಲಿ ಕಾರ್ಖಾನೆಯ ಬಣ್ಣ ಹಾಗೇ ಉಳಿದಿರುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒಂದು ಸಲ ಒರೆಸಿ, ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನ ಕೆಳಗೆ ನೇರಳೆ, ಕಂದು, ಮಾಸಿದ ಕೆಂಪು ಮೂರೂ ಒಂದೇ ಥರ ಕಾಣುತ್ತವೆ.

ಬಣ್ಣ ಪೂರ್ತಿ ಹೋಗಿದ್ದರೆ ಒಳಗಿನ ತಾಮ್ರದ ಎಳೆ ಎಣಿಸಿ. ಇದನ್ನು ಹೊಸ ಹುಡುಗರು ಮಾಡುವುದು ನಾನು ಕಂಡಿಲ್ಲ, ಆದರೆ ಬಹಳ ಉಪಯೋಗದ ಕೆಲಸ. ಹಳೇ ಬ್ರಿಟಿಷ್ ಅಳತೆಯ ವೈರುಗಳಲ್ಲಿ ಸಣ್ಣದಕ್ಕೆ 14 ಎಳೆ, ನಡುವಿನದಕ್ಕೆ 28, ದಪ್ಪನೆಯದಕ್ಕೆ 44. 14 ಎಳೆಯದು ಸುಮಾರು 8 ಆಂಪಿಯರ್ ಹೊರುತ್ತದೆ, ಅದು ಬಲ್ಬು, ಮೀಟರು, ಇಂಡಿಕೇಟರಿಗೆ. 28 ಎಳೆಯದು ಸುಮಾರು 17 ಆಂಪಿಯರ್, ಹೆಡ್‌ಲೈಟಿನಂಥದ್ದಕ್ಕೆ. 44 ಎಳೆಯದು ಸುಮಾರು 27 ಆಂಪಿಯರ್, ಬ್ಯಾಟರಿ ಕಡೆಯ ಮುಖ್ಯ ದಾರಿಗೆ. ನಾನು 1983ರಲ್ಲಿ ಎಳೆ ಎಣಿಸಿದ್ದರೆ, ಇಷ್ಟು ದಪ್ಪನೆಯ ವೈರು ಮೀಟರಿನ ಅರ್ಥಿಂಗ್ ಆಗಲಾರದು ಎಂದು ಆಗಲೇ ಹೊಳೆಯುತ್ತಿತ್ತು.

ಈಗ ಕೆಲಸಕ್ಕೆ ಬನ್ನಿ. ಬ್ಯಾಟರಿಯನ್ನು ಗಾಡಿಯಿಂದ ಇಳಿಸಿ ದೂರ ಇಡಿ. ಬಟ್ಟೆ ಅಂಗಡಿಯಲ್ಲಿ ಸೀರೆಗೆ ಬೆಲೆ ಬರೆದು ಕಟ್ಟುವ ದಾರದ ಚೀಟಿ ಐವತ್ತು ತನ್ನಿ. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ಸಿಲ್ಲನ್ನು ತಿನ್ನರಾಗಲಿ ಪೆಟ್ರೋಲಾಗಲಿ ಕರಗಿಸುವುದಿಲ್ಲ. ಹೆಸರು ಬರೆಯಬೇಡಿ, ನಂಬರ್ ಬರೆಯಿರಿ, 1ರಿಂದ 37. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಂಬರಿನ ಮುಂದೆ ಈ ತುದಿಯ ಬಣ್ಣ, ಎಳೆ ಎಷ್ಟು, ತುದಿಯಲ್ಲಿ ಥಿಂಬಲ್ (ಸ್ಕ್ರೂಗೆ ಬಿಗಿಯುವ ತುದಿ) ಇದೆಯೋ ಬುಲೆಟ್ (ಒತ್ತಿ ಸೇರಿಸುವ ಗುಂಡು ತುದಿ) ಇದೆಯೋ ಅಂತ ಬರೆದು, ಆ ತುದಿಯ ಜಾಗ ಖಾಲಿ ಬಿಡಿ. ಚೀಟಿಗೆ ಹೆಸರು ಬರೆದುಬಿಟ್ಟರೆ ಮನಸ್ಸು ಅದನ್ನೇ ನಂಬಿ ಕೂರುತ್ತದೆ, ತಪ್ಪಿದ್ದರೂ ಮತ್ತೆ ಪರೀಕ್ಷೆ ಮಾಡುವುದಿಲ್ಲ.

ಮಲ್ಟಿಮೀಟರನ್ನು ಬೀಪ್ ಮೇಲಿಡಿ, ಅದರ ಎರಡು ಕಡ್ಡಿ ಒಂದೇ ವೈರಿನ ಎರಡು ತುದಿಗೆ ತಾಗಿದರೆ ಶಬ್ದ ಬರುತ್ತದೆ. ಐದು ಮೀಟರ್ ಉದ್ದದ ಒಂದು ವೈರಿಗೆ ಎರಡೂ ಕಡೆ ಕ್ರೊಕೊಡೈಲ್ ಕ್ಲಿಪ್ ಹಾಕಿ ಇಟ್ಟುಕೊಳ್ಳಿ, ಡಿಕ್ಕಿಯಿಂದ ಡ್ಯಾಶ್‌ಬೋರ್ಡ್‌ವರೆಗೆ ಮುಟ್ಟಬೇಕಲ್ಲ. ಇದಕ್ಕೂ ಮುಂಚೆ ಇನ್ನೊಂದು ಕೆಲಸ: ಗಾಡಿಯ ಎಲ್ಲ ಬಲ್ಬು ತೆಗೆಯಿರಿ, ಫ್ಯೂಸು ತೆಗೆಯಿರಿ. 21 ವ್ಯಾಟಿನ ಬಲ್ಬಿನ ತಂತಿ ತಣ್ಣಗಿರುವಾಗ ಅದರ ರೆಸಿಸ್ಟನ್ಸ್ ಒಂದು ಓಮ್ ಆಸುಪಾಸು ಅಷ್ಟೆ. ಬಲ್ಬು ಹಾಗೇ ಬಿಟ್ಟರೆ ಅದರ ಮೂಲಕವೇ ಬೀಪ್ ಕೇಳಿ, ಎಲ್ಲ ವೈರೂ ಅರ್ಥಿಂಗ್ ಎನ್ನುತ್ತದೆ ಮೀಟರು.

ಬಲ್ಬು ತೆಗೆದ ಮೇಲೂ ನಾಲ್ಕು ವೈರು ನಿಮಗೆ ಮೋಸ ಮಾಡುತ್ತವೆ. ಇಂಜಿನ್ ನಿಂತಾಗ ಆಯಿಲ್ ಪ್ರೆಶರ್ ಸ್ವಿಚ್ಚು ಬ್ಲಾಕಿಗೆ ಕೂಡಿಯೇ ಇರುತ್ತದೆ, ಹಾಗಾಗಿ ಅದರ ವೈರು ಬಾಡಿಗೆ ಬೀಪ್ ಕೊಡುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ ಡಿ ಟರ್ಮಿನಲ್ಲಿಗೆ ಹೋಗುವ ಹಳದಿ ವೈರೂ ಡೈನಮೊದೊಳಗಿನ ಸುತ್ತುಗಳ ಮೂಲಕ ಬಾಡಿಗೆ ಮುಟ್ಟುತ್ತದೆ. ಬಾಗಿಲು ತೆರೆದಿದ್ದರೆ ಒಳದೀಪದ ಸ್ವಿಚ್ಚಿನ ವೈರು, ಕೆಲವೊಮ್ಮೆ ಟ್ಯಾಂಕಿನ ವೈರು ಕೂಡ. ಈ ನಾಲ್ಕನ್ನೂ ಆ ಕಡೆ ತುದಿಯಲ್ಲಿ ಬಿಚ್ಚಿಯೇ ಅರ್ಥಿಂಗ್ ಹುಡುಕಿ. ಆಮೇಲೂ ಬಾಡಿಗೆ ಬೀಪ್ ಅನ್ನುವುದು ಎಲ್ಲಿ ಬೋಲ್ಟ್ ಆಗಿದೆ ಎಂದು ಕಣ್ಣಾರೆ ನೋಡಿ, ಆಗ ಮಾತ್ರ ನೋಟ್‌ಬುಕ್ಕಿನಲ್ಲಿ ಅರ್ಥಿಂಗ್ ಎಂದು ಬರೆಯಿರಿ. ಬೋಲ್ಟ್ ಸಿಗದೆ ಬೀಪ್ ಮಾತ್ರ ಇದ್ದರೆ ಆ ವೈರು ಎಲ್ಲೋ ಉಜ್ಜಿ ತಗಡಿಗೆ ತಾಗಿದೆ ಎಂದೇ ತಿಳಿಯಿರಿ.

ಉಳಿದವನ್ನು ದೂರದ ತುದಿಯಿಂದ ಹಿಡಿಯಿರಿ. ಬಲಗಡೆ ಹಿಂದಿನ ಇಂಡಿಕೇಟರ್ ಹೋಲ್ಡರಿಗೆ ಕ್ಲಿಪ್ ಹಾಕಿ, ಡ್ಯಾಶ್‌ಬೋರ್ಡಿಗೆ ಬಂದು ಒಂದೊಂದಾಗಿ ಮುಟ್ಟಿಸುತ್ತ ಹೋಗಿ. ಬೀಪ್ ಬಂದ ನಂಬರಿನ ಮುಂದೆ ಬರೆಯಿರಿ. ಒಂದಕ್ಕೆ ಬೀಪ್ ಬಂತೆಂದು ನಿಲ್ಲಿಸಬೇಡಿ, ಉಳಿದ 36ಕ್ಕೂ ಮುಟ್ಟಿಸಿ. ಎರಡಕ್ಕೆ ಬೀಪ್ ಬಂದರೆ ಅಲ್ಲಿ ಜೋಡಣೆ ಇದೆ, ಇಲ್ಲವೇ ಒಳಗೆ ಎರಡು ವೈರು ಅಂಟಿವೆ. ಈ ಕೆಲಸಕ್ಕೆ ಮನೆಯವರೊಬ್ಬರನ್ನು ಡಿಕ್ಕಿಯ ಕಡೆ ನಿಲ್ಲಿಸಿಕೊಂಡರೆ ಅರ್ಧ ಸಮಯ ಉಳಿಯುತ್ತದೆ.

ಕೊನೆಗೆ ಮೂರೋ ನಾಲ್ಕೋ ವೈರು ಯಾವ ಲೆಕ್ಕಕ್ಕೂ ಸಿಗದೆ ಉಳಿಯುತ್ತವೆ. ಅವು ನಡುವೆ ಯಾರೋ ಹಾಕಿದ್ದು, ಫಾಗ್ ಲೈಟಿಗೋ ಟೇಪ್‌ರೆಕಾರ್ಡರಿಗೋ. ಅಪ್ಪಾರ ಕಾಲದ ಗಾಡಿ ಬಲ್ಲವರು ಮನೆಯಲ್ಲಿ ಯಾರಾದರೂ ಇದ್ದರೆ ಕೇಳಿ. ಅಂಥವುಗಳ ತುದಿಗೆ ಒಂದೊಂದಕ್ಕೂ ಬೇರೆ ಬೇರೆ ಸ್ಲೀವ್ ಹಾಕಿ ಪಕ್ಕಕ್ಕೆ ಕಟ್ಟಿಡಿ.

"ಎಲ್ಲಾ ಕತ್ತರಿಸಿ ಒಗೀರಿ" ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ವೈರಿಂಗ್ ಬೇಡವೇ ಬೇಡ ಅಂತಲ್ಲ. ಒಂದೊಂದು ವೈರನ್ನೂ ಪೆನ್ಸಿಲ್ ಸುತ್ತ ಬಾಗಿಸಿ ನೋಡಿ. ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಅದರ ಆಯುಷ್ಯ ಮುಗಿದಿದೆ, ಬದಲಿಸಲೇಬೇಕು. ಹನ್ನೊಂದು ಬೇಸಿಗೆ ಪತ್ರಾಸ್ ಶೆಡ್ಡಿನಲ್ಲಿ ಬೆಂದ ವೈರು ಹಾಗಾಗಿದ್ದರೆ ಆಶ್ಚರ್ಯವಿಲ್ಲ. ಇಲಿ ಕಡಿದದ್ದೂ ಇರಬಹುದು. ಹೆಚ್ಚಿನವು ಬಿರಿದಿದ್ದರೆ ಹಾರ್ನೆಸ್ಸನ್ನು ಇಡಿಯಾಗಿ ಹೊರತೆಗೆದು ಪ್ಲೈವುಡ್ ಮೇಲೆ ಚಾಚಿ, ಕವಲೊಡೆಯುವ ಕಡೆಯೆಲ್ಲ ಮೊಳೆ ಹೊಡೆದು, ಅದೇ ಉದ್ದಕ್ಕೆ, ಅದೇ ಬಣ್ಣಕ್ಕೆ, ಅದೇ ಎಳೆಗೆ ಹೊಸದನ್ನು ಮಾಡಿಸಿ. ಹಳೆಯದನ್ನು ಕತ್ತರಿಸಿದ ಮೇಲೆ ಈ ಅಳತೆ ಎಲ್ಲಿಂದ ತರುತ್ತೀರಿ? ಎಲ್ಲದಕ್ಕೂ ಕೆಂಪು ಮತ್ತು ಕಪ್ಪು ಎರಡೇ ಬಣ್ಣದ ವೈರು ಎಳೆದ ಗಾಡಿಗಳು ನನ್ನ ಹತ್ತಿರ ಬರುತ್ತವೆ. ಅಂಥ ಗಾಡಿಯಲ್ಲಿ ಮುಂದೆ ಒಂದು ಬಲ್ಬು ಕೆಟ್ಟರೂ ಇಡೀ ದಿನದ ಹುಡುಕಾಟ.

ಎಲ್ಲ ಕೂಡಿಸಿದ ಮೇಲೆ ಬ್ಯಾಟರಿಯನ್ನು ನೇರ ಕೊಡಬೇಡಿ. ಬ್ಯಾಟರಿಗೂ ಗಾಡಿಯ ಮುಖ್ಯ ವೈರಿಗೂ ನಡುವೆ 12 ವೋಲ್ಟಿನ 21 ವ್ಯಾಟ್ ಬಲ್ಬೊಂದನ್ನು ಹೋಲ್ಡರ್ ಸಮೇತ ಹಾಕಿ. ಆಗ ಎಂಥ ಶಾರ್ಟ್ ಆದರೂ ಎರಡು ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ, ವೈರಿನ ಬದಲು ಬಲ್ಬು ಉರಿಯುತ್ತದೆ. ಎಲ್ಲ ಸ್ವಿಚ್ಚೂ ಆಫ್ ಇದ್ದು, ಬಾಗಿಲೂ ಮುಚ್ಚಿದ್ದು ಬಲ್ಬು ಪೂರ್ತಿ ಬೆಳಗಿದರೆ ಎಲ್ಲೋ ಕಂದು ಅಥವಾ ನೇರಳೆ ವೈರು ಬಾಡಿಗೆ ಕೂಡಿದೆ. ಬೆಳಗದಿದ್ದರೆ ಒಂದೊಂದೇ ಸ್ವಿಚ್ಚು ಹಾಕುತ್ತ ಬನ್ನಿ. ಪಾರ್ಕಿಂಗ್ ಹಾಕಿದಾಗ ಈ ಬಲ್ಬಿನಲ್ಲೂ ಪಾರ್ಕಿಂಗ್ ದೀಪದಲ್ಲೂ ಮಂದ ಬೆಳಕು ಬಂದರೆ ಸರಿ ಇದೆ. ಈ ಬಲ್ಬಿನ ಮೂಲಕ ಸೆಲ್ಫ್ ಹೊಡೆಯಲು ಹೋಗಬೇಡಿ, ತಿರುಗುವುದಿಲ್ಲ. ನನ್ನ ಬೆಂಚಿನ ಮೇಲೆ ಅಂಥದ್ದೊಂದು ಬಲ್ಬು ಸದಾ ತೂಗುತ್ತಿರುತ್ತದೆ.

ಪ್ರಶ್ನೆ (ವಿಜಯಪುರದಿಂದ): ನಾನು ನಿವೃತ್ತ ಶಿಕ್ಷಕಿ. ನಮ್ಮ ಮನೆಯವರು ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟಿದ್ದಾರೆ. ಡ್ಯಾಶ್‌ಬೋರ್ಡ್ ಬಿಚ್ಚಿ ಕೂಡಿಸಿದಂದಿನಿಂದ ಪೆಟ್ರೋಲ್ ಮೀಟರ್ ಸದಾ ಫುಲ್ ತೋರಿಸುತ್ತಿದೆ. ಮೀಟರ್ ಕೆಟ್ಟಿದೆ, ಬದಲಿಸಿ ಎನ್ನುತ್ತಾರೆ. ಅದು ಎಲ್ಲಿಯೂ ಸಿಗುತ್ತಿಲ್ಲ.

ಉತ್ತರ: ಅಕ್ಕೋರೆ, ಮೀಟರ್ ಹುಡುಕುವುದನ್ನು ಸದ್ಯ ನಿಲ್ಲಿಸಿ. ಕೀಲಿ ತಿರುಗಿಸಿ ಮುಳ್ಳನ್ನು ನೋಡಿ. ಮುಳ್ಳು ಥಟ್ಟನೆ ಹಾರುತ್ತದೆಯೋ, ನಿಧಾನವಾಗಿ ತೆವಳಿ ಏರುತ್ತದೆಯೋ? ಎರಡೂ ಬೇರೆ ಬೇರೆ ಜಾತಿಯ ಮೀಟರು, ಅವುಗಳ ದೋಷವೂ ಒಂದಕ್ಕೊಂದು ಉಲ್ಟಾ.

ಥಟ್ಟನೆ ಹಾರುವುದಾದರೆ ಅದು ಹಳೇ ಕಾಯಿಲ್ ಮೀಟರು. ಅದರಲ್ಲಿ ಟ್ಯಾಂಕಿನ ವೈರು ತುಂಡಾದರೆ ಅಥವಾ ಟ್ಯಾಂಕಿನ ಅರ್ಥಿಂಗ್ ಹೋದರೆ ಫುಲ್ ತೋರಿಸುತ್ತದೆ. ಕೀಲಿ ಆಫ್ ಮಾಡಿ, ಟ್ಯಾಂಕಿನ ಹತ್ತಿರ ಹಸಿರು-ಕಪ್ಪು ವೈರು ಬಿಚ್ಚಿ ಬಾಡಿಗೆ ಭದ್ರವಾಗಿ ಕಟ್ಟಿ, ಆಮೇಲೆ ಕೀಲಿ ಹಾಕಿ. ಮುಳ್ಳು ಖಾಲಿಗೆ ಇಳಿದರೆ ಮೀಟರೂ ವೈರೂ ಚೆನ್ನಾಗಿವೆ, ತೊಂದರೆ ಟ್ಯಾಂಕಿನ ಕಡೆ. ನಿಧಾನಕ್ಕೆ ಏರುವುದಾದರೆ ಟ್ಯಾಂಕಿನ ವೈರನ್ನು ಬಿಚ್ಚಿ ಗಾಳಿಯಲ್ಲಿ ಬಿಡಿ. ಮುಳ್ಳು ಖಾಲಿಗೆ ಬರಬೇಕು. ಬರದಿದ್ದರೆ ಆ ವೈರು ದಾರಿಯಲ್ಲಿ ಎಲ್ಲೋ ತಗಡಿಗೆ ತಾಗಿದೆ, ಡ್ಯಾಶ್‌ಬೋರ್ಡ್ ಕೂಡಿಸುವಾಗ ಸ್ಕ್ರೂ ಕೆಳಗೆ ಸಿಕ್ಕಿರಲೂಬಹುದು. ಯಾವುದೇ ಪರೀಕ್ಷೆಯಲ್ಲಿ ಕೀಲಿ ಆನ್ ಇದ್ದಾಗ ಟ್ಯಾಂಕಿನ ಹತ್ತಿರ ವೈರು ಮುಟ್ಟಿಸಬೇಡಿ. ಒಂದು ಕಿಡಿ ಸಾಕು, ಅನಾಹುತವಾಗುತ್ತದೆ.

ನಿಧಾನದ ಮೀಟರಿನ ಜೊತೆ ಡ್ಯಾಶ್‌ಬೋರ್ಡಿನ ಹಿಂದೆ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಪುಟ್ಟ ತಗಡಿನ ಡಬ್ಬಿ ಇರುತ್ತದೆ. ಅದು ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟಿಗೆ ಇಳಿಸುತ್ತದೆ. ಡಬ್ಬಿಯ ಮೈಯೇ ಅದರ ಅರ್ಥಿಂಗ್. ಹೊಸ ಪೇಂಟಿನ ಮೇಲೆ ಕೂಡಿಸಿದ್ದರೆ ಅರ್ಥಿಂಗ್ ಸಿಗದೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಮೀಟರಿಗೆ ಹೋಗುತ್ತದೆ. ಟೆಂಪರೇಚರ್ ಮೀಟರ್ ಕೂಡ ಇದ್ದು, ಅದರ ಮುಳ್ಳೂ ಇದರ ಜೊತೆಗೇ ಹೆಚ್ಚು ತೋರಿಸುತ್ತಿದ್ದರೆ ಮೊದಲು ಈ ಡಬ್ಬಿಯ ಸ್ಕ್ರೂ ಬಿಚ್ಚಿ, ಕೆಳಗಿನ ಪೇಂಟ್ ಕೆರೆದು ಮತ್ತೆ ಬಿಗಿಯಿರಿ. ನಿಮ್ಮ ಗಾಡಿಗೆ ಈಗಷ್ಟೇ ಪೇಂಟ್ ಆಗಿದ್ದರೆ ನನ್ನ ಅನುಮಾನ ಪೂರ್ತಿ ಇದರ ಮೇಲೆಯೇ.

ಪ್ರಶ್ನೆ (ಗೋಕಾಕದಿಂದ): ಕಳೆದ ಸಂಚಿಕೆಯಲ್ಲಿ ಹೇಳಿದ ಲೂಕಾಸ್ ಬಣ್ಣಗಳು ನನ್ನ ಪ್ರೀಮಿಯರ್ ಪದ್ಮಿನಿಗೆ ಹೊಂದುತ್ತಿಲ್ಲ. ಯಾರೋ ವೈರಿಂಗ್ ಬದಲಿಸಿದ್ದಾರೆಯೇ?

ಉತ್ತರ: ಬದಲಿಸಿರಬೇಕೆಂದೇನಿಲ್ಲ. ಪದ್ಮಿನಿ ಇಟಲಿಯ ಫಿಯಾಟ್ 1100ರ ಸಂತಾನ, ಅದರ ಬಣ್ಣದ ಲೆಕ್ಕವೇ ಬೇರೆ. ಬ್ರಿಟಿಷ್ ಗಾಡಿಯ ಬಣ್ಣಗಳನ್ನು ಅದಕ್ಕೆ ಹಚ್ಚಿದರೆ ಖಂಡಿತ ದಾರಿ ತಪ್ಪುತ್ತೀರಿ. ಮೇಲೆ ಜಮಖಂಡಿಯವರಿಗೆ ಹೇಳಿದ ಬೀಪ್, ಚೀಟಿ, ಎರಡು ತುದಿಯ ವಿಧಾನಕ್ಕೆ ಯಾವ ದೇಶದ ಗಾಡಿಯಾದರೂ ಒಂದೇ. ಅದನ್ನೇ ಮಾಡಿ.

ಪ್ರಶ್ನೆ (ನಿಪ್ಪಾಣಿಯಿಂದ): ಹಳೇ ಬ್ರಿಟಿಷ್ ಗಾಡಿಯೊಂದನ್ನು ಕೊಂಡಿದ್ದೇನೆ. ಬ್ಯಾಟರಿಯ ಪ್ಲಸ್ ಅನ್ನು ಬಾಡಿಗೆ ಕಟ್ಟಿದ್ದಾರೆ. ಹಿಂದಿನವರು ತಪ್ಪು ಮಾಡಿದ್ದಾರೆಯೇ? ತಿರುಗಿಸಲೇ?

ಉತ್ತರ: ಮಾಲಕರೆ, ಮುಟ್ಟಬೇಡಿ. 1960ರ ದಶಕದ ನಡುವಿನವರೆಗೆ ಬಹಳಷ್ಟು ಬ್ರಿಟಿಷ್ ಗಾಡಿಗಳು ಪ್ಲಸ್ ಅರ್ಥಿಂಗಿನಲ್ಲಿಯೇ ಬರುತ್ತಿದ್ದವು. ವೈರಿನ ಬಣ್ಣಗಳ ಲೆಕ್ಕ ಅದರಲ್ಲೂ ಅದೇ: ಕಂದು ಬ್ಯಾಟರಿಯಿಂದ, ಕಪ್ಪು ಬಾಡಿಗೆ. ಬಲ್ಬುಗಳಿಗೆ ಯಾವ ಕಡೆಯಿಂದ ಕರೆಂಟ್ ಬಂದರೂ ಒಂದೇ. ಆದರೆ ಬ್ಯಾಟರಿಯನ್ನು ಸುಮ್ಮನೆ ತಿರುಗಿಸಿ ಇಟ್ಟರೆ ಡೈನಮೊಗೆ ಹೊಸ ದಿಕ್ಕು ಕಲಿಸಬೇಕಾಗುತ್ತದೆ, ಇಗ್ನಿಷನ್ ಕಾಯಿಲ್ಲಿನ ಎರಡು ವೈರು ಅದಲುಬದಲು ಮಾಡಬೇಕಾಗುತ್ತದೆ, ಆಂಪಿಯರ್ ಮೀಟರ್ ಇದ್ದರೆ ಅದು ಉಲ್ಟಾ ಓಡುತ್ತದೆ. ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಒಂದೇ ಕ್ಷಣಕ್ಕೆ ಹೋಗುತ್ತದೆ. ಯಾರಾದರೂ ನಡುವೆ ಆಲ್ಟರ್ನೇಟರ್ ಕೂಡಿಸಿದ್ದರೆ ಮಾತ್ರ ಅದು ಯಾವ ಅರ್ಥಿಂಗಿನದು ಎಂದು ನೋಡಿಯೇ ಮುಂದುವರಿಯಿರಿ. ತಪ್ಪು ಕೊಟ್ಟರೆ ಅದರ ಡಯೋಡು ಉಳಿಯುವುದಿಲ್ಲ.

ಬ್ಯಾಟರಿ ಟ್ರೇ ಪಕ್ಕದ ತಗಡಿನ ಮೇಲೆ "ಬಾಡಿ ಪ್ಲಸ್" ಎಂದು ಬಿಳಿ ಪೇಂಟಿನಲ್ಲಿ ದಪ್ಪಗೆ ಬರೆಸಿ. ಬ್ಯಾಟರಿ ಅಂಗಡಿಯ ಹುಡುಗ ಹೊಸ ಬ್ಯಾಟರಿ ಇಡುವಾಗ ರೂಢಿಯಂತೆ ಮೈನಸ್ಸನ್ನೇ ಬಾಡಿಗೆ ಹಾಕುತ್ತಾನೆ. ಅವನ ಕಣ್ಣಿಗೆ ಅದು ಬೀಳಬೇಕು.